ಹವಾಮಾನ ಬದಲಾವಣೆ: ತಗ್ಗಿಸುವ ಕೆಲಸ, ತಾಳಿಕೊಳ್ಳುವ ಕೆಲಸ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತರಬೇಕಾಯಿತು. ಮರುವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಮಾರ್ಚಿನ ಹೊತ್ತಿಗೆ ಅದೇ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಸರತಿ ನಿಂತಿತ್ತು. ಆ ವರ್ಷದ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿಯ ಮೇಲೆ ಬಿತ್ತು.

ಇವುಗಳಲ್ಲಿ ಯಾವೊಂದನ್ನೂ ಹವಾಮಾನ ಬದಲಾವಣೆಯ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಒತ್ತುವರಿಯಾದ ರಾಜಕಾಲುವೆ, ರಸ್ತೆಗಾಗಿ ಕಡಿದಾಗಿ ಕೊರೆದ ಗುಡ್ಡ, ಮಿತಿಮೀರಿ ತೋಡಿದ ಕೊಳವೆಬಾವಿ ಇವೆಲ್ಲಕ್ಕೂ ಅವುಗಳಲ್ಲಿ ಪಾಲಿದೆ. ಆದರೆ ಭೂಮಿ ಬಿಸಿಯಾದಂತೆ ಅತಿವೃಷ್ಟಿ ಮತ್ತು ಅನಾವೃಷ್ಟಿ ಎರಡೂ ಚುರುಕಾಗುತ್ತವೆ ಎಂಬುದು ವಿಜ್ಞಾನದ ಸ್ಪಷ್ಟ ನಿರ್ಣಯ. ಆ ಬಿಸಿಯನ್ನು ತಗ್ಗಿಸುವ ಮತ್ತು ಬಂದದ್ದನ್ನು ತಾಳಿಕೊಳ್ಳುವ ಕ್ರಮಗಳನ್ನು ಈ ಲೇಖನ ಕರ್ನಾಟಕದ ನೆಲದ ಮೇಲಿಟ್ಟು ವಿವರಿಸುತ್ತದೆ.

ಶಮನ ಮತ್ತು ಹೊಂದಾಣಿಕೆ

ಇಂದು ಸಂಜೆ ಮಳೆ ಬಂದೀತೇ ಎಂಬುದು ಹವೆಯ ಪ್ರಶ್ನೆ. ಒಂದು ಪ್ರದೇಶದಲ್ಲಿ ಸುಮಾರು 30 ವರ್ಷಗಳ ಸರಾಸರಿಯಿಂದ ಕಾಣುವ ಹವೆಯ ಸ್ವಭಾವ ವಾಯುಗುಣ. ಶಾಲೆಯ ಭೂಗೋಳ ಪುಸ್ತಕಗಳು ಈ ಭೇದವನ್ನು ಕಾಪಾಡಿಕೊಂಡಿವೆ. ಪತ್ರಿಕೆಗಳಲ್ಲಿ ಎರಡಕ್ಕೂ ಹವಾಮಾನ ಎಂಬ ಮಾತೇ ನಿಂತಿದೆ. ಈ ಲೇಖನವೂ ರೂಢಿಗೆ ಶರಣಾಗಿದೆ.

ಹವಾಮಾನ ಬದಲಾವಣೆಯನ್ನು ಎದುರಿಸುವ ಕ್ರಮಗಳು ಎರಡು ಬಗೆ. ಬಿಸಿಯೇರಿಸುವ ಅನಿಲಗಳು ವಾತಾವರಣಕ್ಕೆ ಸೇರುವುದನ್ನು ಕಡಿಮೆ ಮಾಡುವುದು ಮತ್ತು ಸೇರಿದ್ದನ್ನು ಹೀರುವ ಕಾಡು, ಮಣ್ಣುಗಳನ್ನು ಉಳಿಸುವುದು ಶಮನ. ತಪ್ಪಿಸಲಾಗದ ಪರಿಣಾಮಗಳಿಗೆ ಬೆಳೆ, ಮನೆ, ನೀರು, ದುಡಿಮೆಗಳನ್ನು ಅಣಿಗೊಳಿಸುವುದು ಹೊಂದಾಣಿಕೆ.

ಇವೆರಡರ ನಡುವಿನ ಒಂದು ವ್ಯತ್ಯಾಸವನ್ನು ಆರಂಭದಲ್ಲೇ ಗಮನಿಸಬೇಕು. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಯಿಂದ ಹೊರಟ ಒಂದು ಟನ್ ಇಂಗಾಲದ ಡೈಆಕ್ಸೈಡಿಗೂ ಜರ್ಮನಿಯ ಚಿಮಣಿಯಿಂದ ಹೊರಟ ಒಂದು ಟನ್ನಿಗೂ ವಾತಾವರಣದಲ್ಲಿ ಬೆರೆತ ಮೇಲೆ ಭೇದವಿಲ್ಲ. ಆದ್ದರಿಂದ ಶಮನದ ಲೆಕ್ಕ ಲೋಕಕ್ಕೆಲ್ಲ ಒಂದೇ. ಹೊಂದಾಣಿಕೆಯದು ಊರೂರಿಗೆ ಬೇರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೆ ಒಗ್ಗುವ ಉಪಾಯ, ಅದರ ಹತ್ತನೇ ಒಂದು ಭಾಗವನ್ನೂ ಕಾಣದ ಪಾವಗಡಕ್ಕೆ ಒಗ್ಗುವುದಿಲ್ಲ.

ಬಿಸಿ ಏರುವ ಬಗೆ

ಸೂರ್ಯನ ಬೆಳಕು ವಾತಾವರಣವನ್ನು ಸುಲಭವಾಗಿ ದಾಟಿ ನೆಲವನ್ನು ಕಾಯಿಸುತ್ತದೆ. ಕಾದ ನೆಲ ಹೊರಸೂಸುವುದು ಅವಗೆಂಪು ಕಿರಣ. ಇಂಗಾಲದ ಡೈಆಕ್ಸೈಡ್, ಮೀಥೇನ್, ನೀರಾವಿಗಳು ಈ ಕಿರಣವನ್ನು ಹೀರಿ ಒಂದು ಭಾಗವನ್ನು ನೆಲಕ್ಕೇ ಹಿಂದಿರುಗಿಸುತ್ತವೆ. ಈ ಹೊದಿಕೆ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಹೊದಿಕೆ ಇರುವುದು ಒಳ್ಳೆಯದೇ. ಅದು ದಪ್ಪವಾಗುತ್ತಿರುವುದು ತೊಂದರೆ.

ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭಿಸಿದಾಗ ಅದು ಸುಮಾರು 315 ಆಗಿತ್ತು. ಈಗ 420ನ್ನು ದಾಟಿದೆ.

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಬಿಸಿಗಾಳಿ ಮಣ್ಣಿನ ತೇವವನ್ನು ಬೇಗ ಹೀರುತ್ತದೆ; ಹೀರಿದ್ದನ್ನು ಒಮ್ಮೆಗೇ ಸುರಿಯಬಲ್ಲದು. ಅತಿವೃಷ್ಟಿ ಮತ್ತು ಅನಾವೃಷ್ಟಿ ಒಂದೇ ತಾಯಿಯ ಮಕ್ಕಳಾಗುವುದು ಹೀಗೆ. ವರ್ಷದ ಒಟ್ಟು ಮಳೆ ಮೊದಲಿನಷ್ಟೇ ಇದ್ದರೂ ಅದು ಬೀಳುವ ದಿನಗಳು ಕಡಿಮೆಯಾದರೆ ಬೆಳೆಗೆ ಬರ, ತಗ್ಗಿನ ಮನೆಗೆ ನೆರೆ.

ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಮಾನಗಳ ಕಾಲ ವಾತಾವರಣದಲ್ಲಿ ಉಳಿಯುತ್ತದೆ. ಇಂದೇ ಎಲ್ಲ ಚಿಮಣಿಗಳೂ ಆರಿದರೆ ಬಿಸಿ ಏರುವುದು ನಿಂತೀತು, ಏರಿದ್ದು ಬೇಗ ಇಳಿಯದು. ಹೊಂದಾಣಿಕೆ ಅನಿವಾರ್ಯವಾಗಿರುವುದು ಈ ಕಾರಣಕ್ಕೆ. ಹಾಗೆಂದು ಹೊಂದಾಣಿಕೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ 35 ಡಿಗ್ರಿ ತೋರಿಸುವ ಸೆಕೆಯಲ್ಲಿ ಬೆವರು ಆರುವುದಿಲ್ಲ. ಆರೋಗ್ಯವಂತ ದೇಹವೂ ನೆರಳಿನಲ್ಲಿ ಕೂತು ಕೆಲವೇ ಗಂಟೆ ತಾಳೀತು.

ಶಮನ: ವಿದ್ಯುತ್ತು

ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಪಡೆಯುವಾಗ ಹತ್ತಿರ ಹತ್ತಿರ ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 60 ವಾಟಿನ ಹಳೆಯ ಬಲ್ಬಿನ ಜಾಗದಲ್ಲಿ 9 ವಾಟಿನ ಎಲ್‌ಇಡಿ ಹಾಕಿ ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಉಳಿದದ್ದು ಕಲ್ಲಿದ್ದಲಿನ ವಿದ್ಯುತ್ತಾದರೆ ಒಂದು ಬಲ್ಬಿನಿಂದಲೇ ಸುಮಾರು 90 ಕಿಲೋಗ್ರಾಂ ಹೊಗೆ ತಪ್ಪಿತು. ಶಮನದ ಅತ್ಯಂತ ಅಗ್ಗದ ದಾರಿ ಮಿತಬಳಕೆಯೇ.

ಎರಡನೆಯ ದಾರಿ ಮೂಲವನ್ನೇ ಬದಲಿಸುವುದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೌರ ಪಾರ್ಕು 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಇದರ ವಿಶೇಷ ಸೌರ ಫಲಕಗಳ ಸಂಖ್ಯೆಯಲ್ಲಿ ಇಲ್ಲ, ಜಮೀನಿನ ಏರ್ಪಾಟಿನಲ್ಲಿದೆ. ಸರ್ಕಾರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಗುತ್ತಿಗೆಗೆ ಪಡೆಯಿತು. ಮಳೆಯನ್ನೇ ನಂಬಿ ಶೇಂಗಾ ಬಿತ್ತುತ್ತಿದ್ದ ರೈತನಿಗೆ ಬರಗಾಲದಲ್ಲೂ ಬಿಸಿಲೇ ಆದಾಯ ತಂದಿತು. ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರು ದುಡಿಮೆಯ ನೆಲೆ ಕಳೆದುಕೊಂಡರು. ಸೌರಶಕ್ತಿಯ ಲೆಕ್ಕ ಬರೆಯುವವರು ಈ ಸಾಲನ್ನೂ ಬರೆಯಬೇಕು.

ಬಿಸಿಲು ಸಂಜೆ ಆರಕ್ಕೆ ಮುಗಿಯುತ್ತದೆ. ಮನೆಗಳ ದೀಪ, ಫ್ಯಾನು, ಟಿವಿ ಆಗಲೇ ಆರಂಭ. ಈ ಅಂತರವನ್ನು ತುಂಬಲು ಬ್ಯಾಟರಿ ಒಂದು ಉಪಾಯ, ನೀರು ಇನ್ನೊಂದು. ನಡುಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಅದೇ ನೀರನ್ನು ಇಳಿಸಿ ವಿದ್ಯುತ್ ಪಡೆಯಬಹುದು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಪ್ರಸ್ತಾಪಿತವಾಗಿರುವ 2,000 ಮೆಗಾವ್ಯಾಟಿನ ಶರಾವತಿ ಯೋಜನೆ ಈ ಬಗೆಯದು. ಅದು ಹಾದುಹೋಗಬೇಕಿರುವುದು ಸಿಂಗಳೀಕಗಳ ಅಭಯಾರಣ್ಯವನ್ನು. ಹೊಗೆ ತಗ್ಗಿಸಲು ಕಾಡು ಕಡಿಯಬಹುದೇ ಎಂಬ ವಾದ ಹುಟ್ಟಿರುವುದು ಸಹಜ.

ಶಮನ: ಗದ್ದೆ ಮತ್ತು ಒಲೆ

ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ತಾಗುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಯುವ ಹುಲ್ಲು ಬೇರುಗಳಿಂದ ಮೀಥೇನ್ ಉಂಟುಮಾಡುತ್ತವೆ. ಇದು ವಾತಾವರಣದಲ್ಲಿ ಉಳಿಯುವುದು ಹನ್ನೆರಡು ವರ್ಷದಷ್ಟೇ ಆದರೂ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ತರುತ್ತದೆ.

ಗದ್ದೆಯನ್ನು ಆಗಾಗ ಆರಗೊಟ್ಟು ಮತ್ತೆ ನೀರು ಕಟ್ಟಿದರೆ ಮೀಥೇನ್ ಅರ್ಧದಷ್ಟು ಇಳಿಯುತ್ತದೆ, ನೀರೂ ಉಳಿಯುತ್ತದೆ. ಇದಕ್ಕೆ ಬೇಕಾದ ಉಪಕರಣ ಸುತ್ತಲೂ ತೂತು ಕೊರೆದ ಒಂದು ಅಡಿ ಉದ್ದದ ಪ್ಲಾಸ್ಟಿಕ್ ಪೈಪು. ಅದನ್ನು ಅರ್ಧಕ್ಕಿಂತ ಹೆಚ್ಚು ಗದ್ದೆಯಲ್ಲಿ ಹೂತು ಒಳಗಿನ ಮಣ್ಣು ತೆಗೆದರೆ ನೆಲದೊಳಗಿನ ನೀರಿನ ಮಟ್ಟ ಕಣ್ಣಿಗೆ ಕಾಣುತ್ತದೆ. ಮಟ್ಟ 15 ಸೆಂಟಿಮೀಟರ್ ಕೆಳಗಿಳಿದಾಗ ನೀರು ಬಿಟ್ಟರೆ ಸಾಕು. ಹೂ ಬಿಡುವ ಕಾಲದಲ್ಲಿ ಮಾತ್ರ ಆರಗೊಡಬಾರದು. ತುಂಗಭದ್ರಾ ಅಚ್ಚುಕಟ್ಟಿನಂಥ ಕಡೆ ಇದು ಹರಡಲು ಪೈಪಿನ ಬೆಲೆ ಅಡ್ಡಿಯಲ್ಲ. ಕಾಲುವೆಯ ಕೊನೆಯ ರೈತನಿಗೆ ಮುಂದಿನ ಸರದಿಯ ನೀರು ಬಂದೇ ಬರುತ್ತದೆಂಬ ಭರವಸೆ ಇಲ್ಲ. ಬಂದಾಗ ಬದು ತುಂಬ ನಿಲ್ಲಿಸಿಕೊಳ್ಳುವುದೇ ಅವನ ಜಾಣತನ.

ಹವಾಮಾನ ಬದಲಾವಣೆ ಎಂಬ ಮಾತು ಹಳ್ಳಿಗೆ ಬರುವ ಮೊದಲೇ ಕರ್ನಾಟಕದಲ್ಲಿ ಇಂಥ ಕೆಲಸ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ 'ಅಸ್ತ್ರ' ವಿಭಾಗ ಕಡಿಮೆ ಸೌದೆಯ, ಹೊಗೆ ಕೊಳವೆಯ ಮಣ್ಣಿನ ಒಲೆಯನ್ನು ರೂಪಿಸಿತು. ಅದೇ 'ಅಸ್ತ್ರ ಒಲೆ'. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಆ ವಿಭಾಗ ನಿಲ್ಲಿಸಿದ ಸಮುದಾಯ ಸಗಣಿ ಅನಿಲ ಘಟಕ, 1987ರಿಂದ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿತು. ಸಗಣಿ ಕೊಟ್ಟವರಿಗೆ ಗೊಬ್ಬರ ವಾಪಸು ಸಿಗುತ್ತಿತ್ತು.

ಹೊಂದಾಣಿಕೆ: ಬಯಲುಸೀಮೆ

ಒಣಭೂಮಿಯ ವಿಸ್ತಾರದಲ್ಲಿ ರಾಜಸ್ಥಾನದ ನಂತರದ ಸ್ಥಾನ ಕರ್ನಾಟಕದ್ದು. ಇಲ್ಲಿನ ಬೇಸಾಯ ಮಳೆ ನಕ್ಷತ್ರಗಳ ಲೆಕ್ಕದ್ದು. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ; ರೋಹಿಣಿಗೆ ಏನು, ಆರಿದ್ರಕ್ಕೆ ಏನು ಬಿತ್ತಬೇಕೆಂಬುದು ತಲೆಮಾರುಗಳ ತಿಳಿವಳಿಕೆ. ನಕ್ಷತ್ರ ತಪ್ಪದೆ ಬರುತ್ತದೆ, ಮಳೆ ತಪ್ಪುತ್ತದೆ ಎಂಬುದು ಈಗಿನ ಸಂಕಟ.

ರಾಗಿ ಇಂಥ ಅನಿಶ್ಚಿತತೆಗೆ ಹೇಳಿಮಾಡಿಸಿದ ಬೆಳೆ. ಬಿಸಿಲಿನಲ್ಲಿ ಕಡಿಮೆ ನೀರು ಕಳೆದುಕೊಂಡು ಆಹಾರ ತಯಾರಿಸುವ ಬಗೆಯ ಸಸ್ಯಗಳಲ್ಲಿ ಅದೂ ಒಂದು. ಭತ್ತ, ಗೋಧಿಗಳಿಗೆ ಆ ಅನುಕೂಲವಿಲ್ಲ. ಮಳೆ ಕೈಕೊಟ್ಟರೆ ರಾಗಿ ಬಾಡಿ ಸೊರಗಿ ನಿಂತು, ಮಳೆ ಬಂದೊಡನೆ ಮತ್ತೆ ಚಿಗುರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟರು; ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಇಂದು ಮಳೆ ಯಾವಾಗ ಬಂತೆಂಬುದರ ಮೇಲೆ ತಳಿಯನ್ನು ಆರಿಸಬಹುದು. ಬೇಗ ಬಂದರೆ ನಾಲ್ಕು ತಿಂಗಳ ಎಂ.ಆರ್-1, ಜುಲೈಗೆ ಬಂದರೆ 110 ದಿನ ದಾಟುವ ಜಿಪಿಯು-28, ಆಗಸ್ಟಿಗೆ ಜಾರಿದರೆ ನೂರು ದಿನದೊಳಗಿನ ಜಿಪಿಯು-48. ಅದಕ್ಕೂ ತಡವಾದರೆ ಹುರುಳಿ ಚೆಲ್ಲುವುದು. ಹೊಂದಾಣಿಕೆ ಎಂಬ ದೊಡ್ಡ ಮಾತು ಹೊಲದಲ್ಲಿ ಕಾಣುವುದು ಮನೆಯ ಮೂಲೆಯಲ್ಲಿ ಕಟ್ಟಿಟ್ಟ ಈ ನಾಲ್ಕು ಬಿತ್ತನೆ ಚೀಲಗಳ ರೂಪದಲ್ಲಿ.

ಬಿತ್ತುವ ಕ್ರಮದಲ್ಲೂ ವಿಮೆ ಅಡಗಿದೆ. ರಾಗಿಯ ನಡುವೆ ಸಾಲುಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು ಹಾಕುವ ಅಕ್ಕಡಿ ಪದ್ಧತಿಯಲ್ಲಿ ಎಲ್ಲ ಬೆಳೆಗೂ ಒಂದೇ ದಿನ ಮಳೆ ಬೇಕಾಗುವುದಿಲ್ಲ. ತೆನೆ ಸೊರಗಿದ ವರ್ಷ ಅವರೆ ಕೈಹಿಡಿಯುತ್ತದೆ. ಹಾವೇರಿ ಕಡೆಯ ಗುಳಿ ರಾಗಿಯಲ್ಲಿ ಉದ್ದ ಅಡ್ಡ ಗೆರೆ ಹೊಡೆದು, ಗೆರೆಗಳು ಕೂಡುವ ಕಡೆ ಗುಳಿ ಮಾಡಿ, ಒಂದೆರಡು ಪೈರು ನೆಟ್ಟು ಹಿಡಿ ಗೊಬ್ಬರ ಹಾಕುತ್ತಾರೆ. ಪೈರು ಬೇರು ಬಿಟ್ಟ ಮೇಲೆ ಅದರ ಮೇಲೆಯೇ ಕೊರಡು ಎಳೆಯುತ್ತಾರೆ. ನೋಡುವವರಿಗೆ ಬೆಳೆ ಹಾಳು ಮಾಡಿದಂತೆ ಕಾಣುತ್ತದೆ. ಬಾಗಿದ ಪೈರು ಬುಡದಿಂದ ಹೊಸ ತೆಂಡೆ ಒಡೆದು ಪೊದೆಯಾಗುತ್ತದೆ.

ಬಯಲುಸೀಮೆಯ ಇನ್ನೊಂದು ಆಸ್ತಿ ಕೆರೆ. ರಾಜ್ಯದಲ್ಲಿ ಸುಮಾರು 36,000 ಕೆರೆಗಳಿವೆ. ಏರಿ ನೀರನ್ನು ತಡೆಯುತ್ತದೆ, ತೂಬು ಅಚ್ಚುಕಟ್ಟಿಗೆ ಹರಿಸುತ್ತದೆ, ಕೋಡಿ ಹೆಚ್ಚಾದದ್ದನ್ನು ಕೆಳಗಿನ ಕೆರೆಗೆ ದಾಟಿಸುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಹೀಗೆ ಒಂದು ಹಳ್ಳದ ಕೆರೆಗಳೆಲ್ಲ ಸರಪಳಿಯಾಗಿ ಹೆಣೆದುಕೊಂಡಿರುತ್ತವೆ. ಎರಡೇ ದಿನದಲ್ಲಿ ಸುರಿದು ಹೋಗುವ ಮಳೆಯನ್ನು ಹಿಡಿಯಲು ಇದಕ್ಕಿಂತ ತಕ್ಕ ಏರ್ಪಾಟು ಕಷ್ಟ. ಹೂಳು ತುಂಬಿ, ಕಾಲುವೆ ಮುಚ್ಚಿ, ತೂಬು ತೆರೆಯುವ ನೀರುಗಂಟಿಯ ಕಾಯಕ ಅಳಿದಂತೆ ಸರಪಳಿ ಕಡಿಯಿತು. ಹೂಳೆತ್ತುವ ಕೆಲಸದಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ಅಂಗಳವನ್ನಷ್ಟೇ ಅಗೆದು, ನೀರು ಬರುವ ಕಾಲುವೆಯನ್ನು ಮರೆಯುವುದು.

ಒಂಟಿ ರೈತನ ಅಳತೆಯ ಕೆರೆ ಕೃಷಿ ಹೊಂಡ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಇದನ್ನು ಹಳ್ಳಿ ಹಳ್ಳಿಗೆ ಒಯ್ದಿತು. ಇದರ ಉದ್ದೇಶ ಬೆಳೆಯಿಡೀ ನೀರು ಕೊಡುವುದಲ್ಲ. ಕಾಳು ಕಟ್ಟುವ ಹೊತ್ತಿಗೆ ಮಳೆ ಹೋದರೆ ಒಂದೆರಡು ಸಲ ನೀರುಣಿಸಿ ಬೆಳೆ ಉಳಿಸುವುದು. ಒಂದು ಎಕರೆಗೆ 25 ಮಿಲಿಮೀಟರಿನಷ್ಟು ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಎರೆಮಣ್ಣು ಇದನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಕೆಮ್ಮಣ್ಣಿನ ಹೊಂಡಕ್ಕೆ ತಾಡಪಾಲು ಹಾಸಬೇಕು.

ಹೊಂದಾಣಿಕೆ: ಮಲೆನಾಡು, ಕರಾವಳಿ

ಮಲೆನಾಡಿನ ಕಷ್ಟ ಕೊರತೆಯದಲ್ಲ, ಅಕಾಲದ್ದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಮೊದಲು ಒಮ್ಮೆ, ನಡುವೆ ಮತ್ತೊಮ್ಮೆ ಗೊನೆಗೆ ಹೊಡೆಯಬೇಕು. ಅದು ಒಣಗಿ ಅಂಟಲು ಕೆಲವು ಗಂಟೆಗಳ ಹೊಳವಾದರೂ ಬೇಕು. ಬಿಡದೆ ಸುರಿಯುವ ಮಳೆಯಲ್ಲಿ ಆ ಹೊಳವು ಸಿಗುವುದಿಲ್ಲ. ಕಾಫಿಗೆ ಮಾರ್ಚ್ ಏಪ್ರಿಲಿನ ಹೂಮಳೆ ತಪ್ಪಿದರೆ ಮೊಗ್ಗು ಒಣಗುತ್ತದೆ. ಅನುಕೂಲವಿದ್ದ ರೊಬಸ್ಟಾ ಬೆಳೆಗಾರರು ತುಂತುರು ನೀರಾವರಿಯಿಂದ ಹೂಮಳೆಯನ್ನು ತಾವೇ ಸುರಿಸುತ್ತಾರೆ. ಬೇಸಿಗೆಯಲ್ಲಿ ಎಲ್ಲರೂ ಒಂದೇ ಹಳ್ಳಕ್ಕೆ ಪಂಪು ಇಳಿಸಿದಾಗ ಕೆಳಗಿನ ಊರಿಗೆ ಕುಡಿಯಲು ಉಳಿಯುವುದೆಷ್ಟು ಎಂಬ ಪ್ರಶ್ನೆ ಬಾಕಿ.

ಕರಾವಳಿಯ ಉದಾಹರಣೆಗಳಲ್ಲಿ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯದು ವಿಶಿಷ್ಟ. ಭರತದ ನೀರು ನುಗ್ಗುವ ಇಲ್ಲಿನ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಪೈರು ಆಳೆತ್ತರ ಬೆಳೆದು, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ, ಉಪ್ಪನ್ನೂ ಸಹಿಸುತ್ತದೆ. ಕೊಯ್ಲಾದ ಮೇಲೆ ಒಡ್ಡಿನ ಹಲಗೆ ಬಾಗಿಲು ಎತ್ತಿ ಉಪ್ಪುನೀರು ಬಿಟ್ಟರೆ, ಉಳಿದ ಕೂಳೆಯೇ ಮೀನು ಸಿಗಡಿಗಳಿಗೆ ಮೇವು. ಕಡಲಮಟ್ಟ ಏರುವ ಕಾಲಕ್ಕೆ ಬೇಕಾದ ಗುಣಗಳೆಲ್ಲ ಈ ಒಂದು ತಳಿಯಲ್ಲಿ ಇವೆ. ಇಳುವರಿ ಕಡಿಮೆ ಎಂಬ ಕಾರಣಕ್ಕೆ ಅದನ್ನು ಬಿತ್ತುವವರು ಕಡಿಮೆಯಾಗಿ, ಮಾಣಿಕಟ್ಟೆಯಂಥ ಕೆಲವು ಊರುಗಳಲ್ಲಿ ಉಳಿದಿದೆ.

ಗಜನಿಯ ಒಡ್ಡಿಗೆ ಅಲೆಯ ಹೊಡೆತ ತಗಲದಂತೆ ತಡೆಯುವುದು ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಅದರ ಬೇರುಗಳು ಕೆಸರನ್ನು ಹಿಡಿಯುತ್ತವೆ. ಗಾಳಿಯಾಡದ ಆ ಕೆಸರಿನಲ್ಲಿ ಸಿಕ್ಕಿದ ಇಂಗಾಲ ಬಹುಕಾಲ ಹೊರಬರುವುದಿಲ್ಲ. ಶಮನ ಮತ್ತು ಹೊಂದಾಣಿಕೆ ಎರಡನ್ನೂ ಒಟ್ಟಿಗೆ ಮಾಡುವ ಕೆಲಸಗಳು ವಿರಳ. ಕಾಂಡ್ಲಾ ನೆಡುವುದು ಅವುಗಳಲ್ಲೊಂದು.

ಹೊಂದಾಣಿಕೆ: ನಗರ ಮತ್ತು ಸೆಕೆ

ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30×40 ಅಡಿಯ ಚಾವಣಿ ಎಂದರೆ ಸುಮಾರು 111 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ 970 ಮಿಲಿಮೀಟರಿನ ಆಸುಪಾಸು. ಸೋರಿಕೆ, ಮೊದಲ ಮಳೆಯ ಕೊಳೆ ಎಲ್ಲ ಕಳೆದರೂ 85,000 ಲೀಟರ್ ಸಿಗುತ್ತದೆ. ತಲಾ 135 ಲೀಟರ್ ಬಳಸುವ ನಾಲ್ವರ ಮನೆಗೆ ಇದು ವರ್ಷದ ಅಗತ್ಯದ ಶೇ 40ಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ ಮಳೆಕೊಯ್ಲು ನಿಯಮ ಬಂದದ್ದು 2009ರಲ್ಲಿ.

ಸೆಕೆಗೆ ಮೊದಲ ಮದ್ದು ಯಂತ್ರವಲ್ಲ, ವೇಳಾಪಟ್ಟಿ. ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿ ಹಳೆಯದು. ಅಹಮದಾಬಾದ್ ನಗರ 2010ರ ಬಿಸಿಗಾಳಿಯ ಸಾವುಗಳ ನಂತರ, 2013ರಲ್ಲಿ ಮುನ್ನೆಚ್ಚರಿಕೆ, ಆಸ್ಪತ್ರೆ ಸಿದ್ಧತೆ, ಕುಡಿಯುವ ನೀರು ಎಲ್ಲವನ್ನೂ ಜೋಡಿಸಿದ ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲಿ ಅದು ಮೊದಲನೆಯದು. ಬಿಸಿಲಲ್ಲೇ ದುಡಿಯಬೇಕಾದ ಕೂಲಿಯವರಿಗೆ ಕಚೇರಿಯ ವೇಳಾಪಟ್ಟಿ ಅನ್ವಯಿಸುವುದಿಲ್ಲ ಎಂಬುದು ಇಂಥ ಎಲ್ಲ ಯೋಜನೆಗಳ ಸಡಿಲ ಗಂಟು.

ಮದ್ದೇ ರೋಗವಾದಾಗ

ಒಂದು ಕಡೆಯ ಹೊಂದಾಣಿಕೆ ಇನ್ನೊಂದು ಕಡೆಗೆ ಅಪಾಯವನ್ನು ದಾಟಿಸಬಹುದು. ಮಳೆನೀರು ಹಿಡಿಯಬೇಕಾದ ಕೃಷಿ ಹೊಂಡವನ್ನು ಕೊಳವೆಬಾವಿಯಿಂದ ತುಂಬಿಸಿದರೆ, ನೆಲದಡಿ ತಂಪಾಗಿದ್ದ ನೀರನ್ನು ಬಿಸಿಲಿಗೆ ಆರಲು ಇಟ್ಟಂತಾಗುತ್ತದೆ. ಕಡಲ್ಕೊರೆತಕ್ಕೆ ಒಂದು ಊರಿನ ಮುಂದೆ ಕಲ್ಲಿನ ತಡೆಗೋಡೆ ಕಟ್ಟಿದರೆ ಅಲೆಯ ಸೆಳೆತ ಪಕ್ಕದ ಊರಿನ ಮರಳಿಗೆ ತಿರುಗಬಹುದು. ಸೌರ ಪಂಪ್‌ಸೆಟ್ ಹೊಗೆ ಉಗುಳುವುದಿಲ್ಲ; ಆದರೆ ಬಿಸಿಲಿಗೆ ಬಿಲ್ಲಿಲ್ಲವೆಂದು ದಿನವಿಡೀ ಓಡಿಸಿದರೆ ಅಂತರ್ಜಲ ಪಾತಾಳಕ್ಕೆ ಇಳಿಯುತ್ತದೆ. ರಾಜ್ಯದಲ್ಲಿ 2014ರ 'ಸೂರ್ಯ ರೈತ' ಯೋಜನೆ ಇದಕ್ಕೊಂದು ಉತ್ತರ ಹುಡುಕಿತ್ತು: ಪಂಪಿಗೆ ಬಳಸದೆ ಉಳಿಸಿದ ವಿದ್ಯುತ್ತನ್ನು ರೈತನಿಂದ ಕೊಳ್ಳುವುದು. ನೀರು ಉಳಿಸಿದರೆ ಹಣ ಬರುವಂತೆ ಮಾಡುವುದು ಅದರ ಜಾಣ್ಮೆ.

ಕೋಲಾರದ ಕೆ.ಸಿ. ವ್ಯಾಲಿ ಯೋಜನೆಯ ಮೇಲೆ ಒಂದೇ ತೀರ್ಪು ಸಾಧ್ಯವಿಲ್ಲ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಕೊಳಚೆ ನೀರನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರಿನವರೆಗೆ ಕೋಲಾರದ ಕೆರೆಗಳಿಗೆ ಹರಿಸುವ ಈ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ವರ್ಷಗಳಿಂದ ಒಣಗಿದ್ದ ಕೆರೆಗಳು ತುಂಬಿದವು, ಸುತ್ತಲ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಸಂಸ್ಕರಣೆ ಎರಡನೇ ಹಂತಕ್ಕೆ ನಿಲ್ಲುತ್ತದೆ, ಅದು ಅಂತರ್ಜಲಕ್ಕೆ ಇಳಿಯುವ ನೀರಿಗೆ ಸಾಲದು ಎಂಬ ಆಕ್ಷೇಪ ನ್ಯಾಯಾಲಯದ ಮೆಟ್ಟಿಲೇರಿತು. ಬರವೊಂದನ್ನೇ ನೋಡಿದವರಿಗೆ ಅದು ವರ, ನೀರಿನ ಗುಣವೊಂದನ್ನೇ ನೋಡಿದವರಿಗೆ ಶಂಕೆ.

ಮುನ್ಸೂಚನೆ ಮತ್ತು ವಿಮೆ

ಕರ್ನಾಟಕ 1988ರಲ್ಲಿ ಆರಂಭಿಸಿದ ಬರ ನಿರ್ವಹಣಾ ಘಟಕ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ನೆಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳು ಬಿದ್ದ ಮಳೆಯ ಲೆಕ್ಕವನ್ನು ತಾವೇ ಕಳುಹಿಸುತ್ತವೆ. ನಾಳೆ ಔಷಧಿ ಹೊಡೆಯಬಹುದೇ, ಕಟಾವು ಮುಂದೂಡಬೇಕೇ ಎಂದು ರೈತರು ಅದರ 'ವರುಣ ಮಿತ್ರ' ಸಹಾಯವಾಣಿಗೆ ಫೋನು ಮಾಡಿ ಕೇಳಬಹುದು.

ಅಡಿಕೆ, ಕಾಳುಮೆಣಸುಗಳ ಹವಾಮಾನ ಆಧಾರಿತ ಬೆಳೆ ವಿಮೆಯೂ ಮಳೆಮಾಪಕದ ಅಂಕಿಯ ಮೇಲೆಯೇ ನಿಂತಿದೆ. ತೋಟಕ್ಕೆ ಬಂದು ನಷ್ಟ ನೋಡುವ ಗೋಜಿಲ್ಲ. ಇಷ್ಟು ದಿನದಲ್ಲಿ ಇಷ್ಟು ಮಿಲಿಮೀಟರ್ ಮೀರಿದರೆ ಇಷ್ಟು ಪರಿಹಾರ ಎಂಬ ಲೆಕ್ಕ. ಹಣ ಬೇಗ ಬರುವುದು ಇದರ ಗುಣ. ಆದರೆ ಮಲೆನಾಡಿನಲ್ಲಿ ಗುಡ್ಡದ ಒಂದು ಮಗ್ಗುಲಲ್ಲಿ ಮಳೆ ಹೊಯ್ದರೆ ಇನ್ನೊಂದು ಮಗ್ಗುಲಲ್ಲಿ ಹೊಳವು. ಮಾಪಕ ಇರುವುದು ಪಂಚಾಯಿತಿ ಕಟ್ಟಡದ ಬಳಿ, ಕೊಳೆ ಹತ್ತಿದ ತೋಟ ಗುಡ್ಡದ ಆಚೆ ಇದ್ದರೆ, ಆ ವರ್ಷ ಆ ತೋಟದಲ್ಲಿ ಮಳೆಯೇ ಹೆಚ್ಚಾಗಲಿಲ್ಲವೆಂದು ಲೆಕ್ಕ ಹೇಳುತ್ತದೆ.